ಮಡಕೆಗೆ ಬೇರೆ ಮಣ್ಣು, ಭರಣಿಗೆ ಬೇರೆ ಮಣ್ಣು

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಉಪ್ಪಿನಕಾಯಿ ಭರಣಿ ಇದೆ. ಹೆಗಲು ಕಂದು, ಅಲ್ಲಿಂದ ಕೆಳಗೆ ಹಾಲುಗೆನೆಯಂಥ ಬಿಳಿ. ಪ್ರತಿ ವರ್ಷ ಅಪ್ಪೆಮಿಡಿ ಬರುವ ಹೊತ್ತಿಗೆ ಅದನ್ನು ಅಟ್ಟದಿಂದ ಇಳಿಸಿ, ತೊಳೆದು, ಅಂಗಳದ ಬಿಸಿಲಿಗೆ ಬೋರಲು ಹಾಕುತ್ತೇವೆ. ಹಾಗೆ ಬೋರಲು ಬಿದ್ದಾಗ ಮಾತ್ರ ಅದರ ಬುಡ ಕಾಣುತ್ತದೆ. ಮೈಯೆಲ್ಲ ಗಾಜಿನಂತೆ ಹೊಳೆಯುವ ಭರಣಿಗೆ ಬುಡದಲ್ಲಿ ಬೆರಳಗಲದ ಒಂದು ಬರಿಯ ಉಂಗುರ. ಸುಡುವಾಗ ಹಲಗೆಗೆ ಕಚ್ಚಿಕೊಳ್ಳದಿರಲಿ ಎಂದು ಅಲ್ಲಿ ಗ್ಲೇಜ್ ಎಂಬ ಗಾಜಿನ ಲೇಪವನ್ನು ಒರೆಸಿ ತೆಗೆದಿರುತ್ತಾರೆ. ಭರಣಿಯ ನಿಜವಾದ ಮೈ ಕಾಣುವುದು ಅಲ್ಲೇ: ಬೂದು ಬೆರೆತ ಬಿಳಿ, ಕಲ್ಲಿನಂತೆ ಗಟ್ಟಿ. ಅದರ ಮೇಲೆ ಒಂದು ಹನಿ ನೀರು ಇಟ್ಟರೆ ಮುತ್ತಿನಂತೆ ನಿಂತೇ ಇರುತ್ತದೆ. ಅದೇ ಹನಿಯನ್ನು ಪಕ್ಕದಲ್ಲಿರುವ ನೀರಿನ ಮಡಕೆಯ ಬುಡಕ್ಕೆ ಹಾಕಿ, ಎರಡು ಎಣಿಸುವುದರೊಳಗೆ ಮಡಕೆ ಅದನ್ನು ಕುಡಿದುಬಿಟ್ಟಿರುತ್ತದೆ.

ಎರಡೂ ಮಣ್ಣೇ, ಎರಡೂ ಬೆಂಕಿಯಲ್ಲಿ ಬೆಂದವೇ. ಆದರೆ ಅಪ್ಪೆಮಿಡಿಯನ್ನು ಮಡಕೆಯಲ್ಲಿ ಹಾಕಿಟ್ಟರೆ ಉಪ್ಪುನೀರು ಸಣ್ಣಗೆ ಹೊರಗೆ ಜಿನುಗಿ, ಹೊರಮೈಯಲ್ಲಿ ಬಿಳಿ ಹರಳು ಕಟ್ಟುತ್ತದೆ. ರಂಧ್ರಗಳ ಒಳಗೂ ಉಪ್ಪು ಹರಳುಗಟ್ಟಿ ಹಿಗ್ಗುವುದರಿಂದ ಮಡಕೆಯ ಮೈ ಪದರು ಪದರಾಗಿ ಉದುರತೊಡಗುತ್ತದೆ. ಇತ್ತ ಭರಣಿಯನ್ನು ಒಲೆಯ ಮೇಲಿಟ್ಟು ಸಾರು ಕುದಿಸಲು ಹೋದರೆ ಅದು ಟಪ್ಪನೆ ಸೀಳುತ್ತದೆ. ಸಾಗರದ ಹತ್ತಿರದ ಊರಿನಲ್ಲಿ ಕೂತು ಹನ್ನೊಂದು ವರ್ಷದಿಂದ ಮಣ್ಣಿನ ಕೆಲಸ ಮಾಡುತ್ತಿದ್ದೇನೆ. ಒಳ್ಳೆಯ ಮಣ್ಣು ಯಾವುದು ಎಂದು ಕೇಳುತ್ತ ಬರುವವರು ಬಹಳ. ಯಾವ ಕೆಲಸಕ್ಕೆ ಎಂದು ಅವರು ಹೇಳುವ ತನಕ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಗುಡ್ಡದಿಂದ ಗದ್ದೆಗೆ

ಜೇಡಿಮಣ್ಣು ಹುಟ್ಟುವುದು ಕಲ್ಲಿನ ಹೊಟ್ಟೆಯಲ್ಲಿ. ಗ್ರಾನೈಟಿನಂಥ ಕಲ್ಲುಗಳಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಧಾರಾಳವಾಗಿರುತ್ತದೆ. ಮಳೆನೀರು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನೂ ಕೊಳೆತ ದರಗಿನಿಂದ ಆಮ್ಲಗಳನ್ನೂ ಹೀರಿಕೊಂಡು ಇಳಿಯುತ್ತದಲ್ಲ, ಆ ನೀರು ಲಕ್ಷಾಂತರ ವರ್ಷ ಫೆಲ್ಡ್‌ಸ್ಪಾರನ್ನು ತಿನ್ನುತ್ತದೆ. ಅದರಲ್ಲಿದ್ದ ಪೊಟ್ಯಾಶಿಯಂ, ಸೋಡಿಯಂ, ಕ್ಯಾಲ್ಸಿಯಂ ಕರಗಿ ಹೊಳೆಯ ಪಾಲಾಗುತ್ತವೆ. ಉಳಿದ ಅಲ್ಯುಮಿನಾ ಮತ್ತು ಸಿಲಿಕಾ ನೀರನ್ನು ಒಳಗೆ ಸೇರಿಸಿಕೊಂಡು ಕಯೋಲಿನೈಟ್ ಎಂಬ ಹೊಸ ಖನಿಜವಾಗುತ್ತವೆ. ಜೇಡಿಮಣ್ಣಿನ ತಿರುಳು ಇದೇ.

ಮಲೆನಾಡಿನಲ್ಲಿ ಈ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಬಿಸಿಲು, ಮಳೆ ಎರಡೂ ಇಷ್ಟು ಜೋರಾಗಿರುವ ಕಡೆ ಸಿಲಿಕಾ ಕೂಡ ತೊಳೆದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಮೇಲೆ ಉಳಿಯುತ್ತವೆ. ನಮ್ಮ ಮನೆಗಳ ಗೋಡೆಯ ಜಂಬಿಟ್ಟಿಗೆ ಹೀಗೆ ಆದದ್ದು. ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ. ನಮ್ಮ ಹೆಸರಿನಲ್ಲೂ ಇಟ್ಟಿಗೆ ಸೇರಿಕೊಂಡೇ ಇದೆ. ಹೊಸದಾಗಿ ಕಡಿದ ಜಂಬಿಟ್ಟಿಗೆಯನ್ನು ಹತ್ತಿರದಿಂದ ನೋಡಿ: ಕೆಂಪು ಗಟ್ಟಿ ಜಾಲರಿಯ ನಡುವೆ ಸಣ್ಣ ಸಣ್ಣ ಗೂಡುಗಳಲ್ಲಿ ಬಿಳಿ, ಹಳದಿ ಮೆತ್ತನೆಯ ಮಣ್ಣು ಕೂತಿರುತ್ತದೆ. ಉಗುರಿನಿಂದ ಕೆರೆದರೆ ಬರುವ ಆ ಬಿಳಿ ಮಣ್ಣಿನಲ್ಲಿ ಹೆಚ್ಚಿನ ಪಾಲು ಕಯೋಲಿನೈಟ್.

ಹಾಗಾದರೆ ಕುಂಬಾರರು ಗುಡ್ಡವನ್ನೇಕೆ ಅಗೆಯುವುದಿಲ್ಲ? ಹುಟ್ಟಿದ ಜಾಗದಲ್ಲೇ ಉಳಿದ ಮಣ್ಣಿನ ಕಣ ದಪ್ಪ. ಹಿಡಿದರೆ ಪುಡಿಪುಡಿ, ತಿಗರಿಯ ಮೇಲೆ ಎತ್ತಿದರೆ ಹರಿಯುತ್ತದೆ. ಮಳೆಗಾಲದ ನೀರು ಗುಡ್ಡದಿಂದ ಮಣ್ಣನ್ನು ಇಳಿಸುವಾಗ ಮೊದಲು ಮರಳನ್ನು ಬಿಡುತ್ತದೆ, ಆಮೇಲೆ ನವುರಾದ ಮಣ್ಣನ್ನು. ತೀರ ನುಣುಪಾದ ಕಣಗಳು ನೀರು ನಿಂತ ಕಡೆ ಮಾತ್ರ ತಳಕ್ಕಿಳಿಯುತ್ತವೆ, ಅಂದರೆ ಕೆರೆಯಂಗಳದಲ್ಲಿ, ತಗ್ಗಿನ ಗದ್ದೆಯಲ್ಲಿ. ದಾರಿಯಲ್ಲಿ ಕಬ್ಬಿಣವನ್ನೂ ಕೊಳೆತ ಎಲೆಯ ಸಾರವನ್ನೂ ಸೇರಿಸಿಕೊಂಡು ಬರುತ್ತವೆ. ಗದ್ದೆಯ ಮೇಲ್ಮಣ್ಣು ಸರಿಸಿ ಒಂದೆರಡು ಮೊಳ ಕೆಳಗಿನ ಮಣ್ಣನ್ನು ಕುಂಬಾರರು ಹುಡುಕುವುದು ಇದಕ್ಕೇ. ಗುಡ್ಡದ ಮಣ್ಣು ಶುದ್ಧ, ಆದರೆ ಹಿಡಿತವಿಲ್ಲ. ಗದ್ದೆಯ ಮಣ್ಣಿಗೆ ಹಿಡಿತವಿದೆ, ಶುದ್ಧಿಯಿಲ್ಲ. ಮುಂದೆ ಬರುವ ಎಲ್ಲ ಮಣ್ಣುಗಳ ಗುಣವನ್ನೂ ಈ ಒಂದು ವ್ಯತ್ಯಾಸದಿಂದಲೇ ಬಿಡಿಸಬಹುದು.

ಮಣ್ಣನ್ನು ಕೇಳಬೇಕಾದ ಮೂರು ಪ್ರಶ್ನೆ

ಎಷ್ಟು ಬಾಗುತ್ತದೆ, ಎಷ್ಟು ಕುಗ್ಗುತ್ತದೆ, ಎಷ್ಟು ಬೆಂಕಿ ತಾಳುತ್ತದೆ. ಪ್ರಯೋಗಾಲಯವಿಲ್ಲದೆಯೂ ಈ ಮೂರನ್ನು ತಿಳಿಯಬಹುದು.

ತೊಳೆದ ಎರಡು ವೀಳ್ಯದೆಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಪಕ್ಕಕ್ಕೆ ಸರಿಸಿದರೆ ಜಾರುತ್ತವೆ, ಮೇಲಕ್ಕೆ ಎತ್ತಿದರೆ ಬಿಡುವುದಿಲ್ಲ. ನಡುವಿನ ತೆಳು ನೀರು ಜಾರಲೂ ಬಿಡುತ್ತದೆ, ಹಿಡಿದೂ ಇಡುತ್ತದೆ. ಜೇಡಿಯ ಕಣಗಳು ಹೀಗೇ ಚಪ್ಪಟೆ ಬಿಲ್ಲೆಗಳು, ಅಗಲ ಎರಡು ಮೈಕ್ರಾನಿಗಿಂತ ಕಡಿಮೆ. ಒಂದು ಮಿಲಿಮೀಟರಿನ ಉದ್ದಕ್ಕೆ ಸಾಲಾಗಿ ಇಟ್ಟರೆ 500ಕ್ಕೂ ಹೆಚ್ಚು ಹಿಡಿಯುತ್ತವೆ. ಬಿಲ್ಲೆ ಸಣ್ಣದಾದಷ್ಟೂ ನೀರು ಹಿಡಿಯುವ ಮೈ ಹೆಚ್ಚು, ಬಾಗುವ ಗುಣವೂ ಹೆಚ್ಚು. ಹದ ಮಾಡಿದ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ತಿಗರಿಗೆ ಆಗುತ್ತದೆ. ಸುತ್ತುವಾಗಲೇ ಹರಿದರೆ ಇಟ್ಟಿಗೆಗೋ ಗೋಡೆಗೋ ಸರಿ.

ಕುಗ್ಗುವುದು ಇದೇ ಗುಣದ ಇನ್ನೊಂದು ಮುಖ. ಬಿಲ್ಲೆಗಳ ನಡುವಿನ ನೀರು ಆರಿದಾಗ ಅವು ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಬಾಗುವ ಮಣ್ಣು ಹೆಚ್ಚು ನೀರು ಹಿಡಿದಿತ್ತು, ಹಾಗಾಗಿ ಹೆಚ್ಚು ಕುಗ್ಗುತ್ತದೆ, ಹೆಚ್ಚು ಬಿರಿಯುತ್ತದೆ. ಹಸಿಮಣ್ಣಿನ ಹಲಗೆಯ ಮೇಲೆ ಸರಿಯಾಗಿ 10 ಸೆಂಟಿಮೀಟರಿನ ಗೆರೆ ಎಳೆದು ಒಣಗಿಸಿ ಅಳೆಯಿರಿ, ಸುಟ್ಟು ಮತ್ತೆ ಅಳೆಯಿರಿ. ನಮ್ಮ ಗದ್ದೆಯ ಮಣ್ಣಿನಲ್ಲಿ ಒಣಗಿದ ಮೇಲೆ ಗೆರೆ 9.2ಕ್ಕೆ ಬಂತು, 950 ಡಿಗ್ರಿಯಲ್ಲಿ ಸುಟ್ಟ ಮೇಲೆ 9ಕ್ಕೆ. ಹತ್ತು ಸೇರು ಹಿಡಿಯುವ ಹರವಿ ಬೇಕೆಂದರೆ ಹಸಿಯಲ್ಲಿ ಎಷ್ಟು ದೊಡ್ಡದು ಮಾಡಬೇಕು ಎಂಬ ಲೆಕ್ಕ ಕುಂಬಾರರ ಕೈಯಲ್ಲಿ ಕೂತಿರುವುದು ಹೀಗೆ. ಕುಗ್ಗುವುದನ್ನು ತಡೆಯಲು ಮರಳು ಬೆರೆಸುತ್ತಾರೆ. ಒಡೆದ ಮಡಕೆಯನ್ನು ಕುಟ್ಟಿದ ಪುಡಿ ಅದಕ್ಕಿಂತ ಒಳ್ಳೆಯದು. ಒಮ್ಮೆ ಬೆಂದ ಮಣ್ಣು ಒಣಗುವಾಗ ಮತ್ತೆ ಕುಗ್ಗುವುದಿಲ್ಲ.

ಬೆಂಕಿಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು, ಅದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. 100 ಡಿಗ್ರಿಯ ಆಸುಪಾಸಿನಲ್ಲಿ ಉಳಿದ ಪಸೆ ಆವಿಯಾಗುತ್ತದೆ. ಸರಿಯಾಗಿ ಆರದ ಪಾತ್ರೆ ಆವಿಗೆಯಲ್ಲಿ, ಅಂದರೆ ಕುಂಬಾರರು ಪಾತ್ರೆ ಸುಡುವ ಗೂಡಿನಲ್ಲಿ, ಸಿಡಿಯುವುದು ಈ ಹೊತ್ತಿನಲ್ಲಿ. ಸುಮಾರು 450ರಿಂದ 600 ಡಿಗ್ರಿಯ ನಡುವೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಕಯೋಲಿನೈಟಿನ ರಚನೆಯೊಳಗೇ ಬೆಸೆದುಕೊಂಡಿದ್ದ ನೀರು, ಅದರ ತೂಕದಲ್ಲಿ ನೂರಕ್ಕೆ ಸುಮಾರು 14 ಪಾಲು, ಆಗ ಬಿಟ್ಟುಹೋಗುತ್ತದೆ. ಅಲ್ಲಿಯವರೆಗೆ ಪಾತ್ರೆಯನ್ನು ನೀರಿನಲ್ಲಿ ನೆನೆಸಿ ಮತ್ತೆ ಮಣ್ಣು ಮಾಡಬಹುದಿತ್ತು. ಅಲ್ಲಿಂದ ಮುಂದೆ ಅದು ಮಣ್ಣಾಗಿ ಮರಳುವುದಿಲ್ಲ. 573 ಡಿಗ್ರಿಯಲ್ಲಿ ಮರಳಿನ ಕಣಗಳು ಒಮ್ಮೆಲೇ ಹಿಗ್ಗುತ್ತವೆ, ಆರುವಾಗ ಅದೇ ಜಾಗದಲ್ಲಿ ಒಮ್ಮೆಲೇ ಕುಗ್ಗುತ್ತವೆ. ಆವಿಗೆಯನ್ನು ಅವಸರದಿಂದ ತೆರೆದವರಿಗೆ ಕೂದಲೆಳೆಯಂಥ ಸೀಳು ಸಿಗುವುದು ಇದರಿಂದ. ಮುಂದೆ ಶಾಖ ಏರಿದಂತೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇನ್ನೂ ಕಾಯಿಸಿದರೆ ಒಳಗಿನ ಫೆಲ್ಡ್‌ಸ್ಪಾರ್ ಮೊದಲಾದವು ಕರಗಿ ಗಾಜಾಗಿ ರಂಧ್ರ ತುಂಬುತ್ತವೆ, ಮೈ ಕಲ್ಲಾಗುತ್ತದೆ. ಅದಕ್ಕೂ ಮೇಲೆ ಹೋದರೆ ಗಾಜು ಹೆಚ್ಚಾಗಿ ಪಾತ್ರೆ ಕಾಲು ಮುರಿದ ಹಾಗೆ ಕುಸಿಯುತ್ತದೆ. ಕಲ್ಲಾಗುವ ಮತ್ತು ಕುಸಿಯುವ ಈ ಎರಡು ಹಂತ ಯಾವ ಶಾಖದಲ್ಲಿ ಬರುತ್ತವೆ, ಅವುಗಳ ನಡುವೆ ಎಷ್ಟು ಅಂತರವಿದೆ ಎನ್ನುವುದರ ಮೇಲೆ ಮಣ್ಣಿನ ಜಾತಿ ನಿಂತಿದೆ.

ಕೆಂಪು ಮಣ್ಣಿನ ಸಂಸಾರ

ಗದ್ದೆಯ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು. ಸುಟ್ಟಾಗ ಬರುವ ಕೆಂಪು ಅದರದ್ದು, ಬೇಗ ಕರಗಿಸುವ ಗುಣವೂ ಬಹುಪಾಲು ಅದರದ್ದೇ. ಹಳ್ಳಿಯ ಆವಿಗೆ 700ರಿಂದ 900 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಈ ಮಣ್ಣು ಬೆಸೆದುಕೊಳ್ಳುತ್ತದೆ, ಆದರೆ ರಂಧ್ರ ಮುಚ್ಚುವುದಿಲ್ಲ. ಇದನ್ನು ಕೊರತೆ ಎಂದು ಭಾವಿಸುವವರಿದ್ದಾರೆ. ನನಗೆ ಇದು ಅಡುಗೆ ಪಾತ್ರೆಯ ಪ್ರಾಣವೆಂದೇ ತೋರುತ್ತದೆ. ಬೆಂಕಿ ತಗುಲಿದ ಬುಡ ಹಿಗ್ಗುತ್ತದೆ, ಕಂಠ ತಣ್ಣಗಿರುತ್ತದೆ. ಈ ಎಳೆದಾಟದಲ್ಲಿ ಮೂಡುವ ನವಿರಾದ ಬಿರುಕು ಒಂದು ರಂಧ್ರವನ್ನೋ ಮರಳಿನ ಕಣವನ್ನೋ ತಲುಪಿ ಅಲ್ಲೇ ನಿಲ್ಲುತ್ತದೆ. ಭರಣಿಯಂಥ ಗಟ್ಟಿ ಮೈಯಲ್ಲಿ ತಡೆಯುವವರಿಲ್ಲ, ಬಿರುಕು ಈ ತುದಿಯಿಂದ ಆ ತುದಿಗೆ ಓಡುತ್ತದೆ. ಓಡಿನ ಮೇಲೆ ರೊಟ್ಟಿ ಬೇಯಿಸುವವರ ಮನೆಯಲ್ಲಿ ಓಡಿನ ಮಣ್ಣು ತರಿತರಿಯಾಗಿರುವುದನ್ನು ಗಮನಿಸಿ. ಅದು ಕುಂಬಾರರು ಬೇಕೆಂದೇ ಬಿಟ್ಟ ತರಿ.

ನೀರಿನ ಮಡಕೆ ತಂಪು ಮಾಡುವುದೂ ರಂಧ್ರಗಳಿಂದ. ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದೊಯ್ಯುತ್ತದೆ. ಬಳ್ಳಾರಿಯ ಒಣ ಬೇಸಿಗೆಯಲ್ಲಿ ಇದರ ಆಟ ನೋಡಬೇಕು. ಆಷಾಢದ ತೀರ್ಥಹಳ್ಳಿಯಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವುದರಿಂದ ಅದೇ ಮಡಕೆ ಏನೂ ಮಾಡಲಾರದೆ ಕೂರುತ್ತದೆ. ಇನ್ನು ಕಪ್ಪು ಮಡಕೆ ಬೇರೆ ಮಣ್ಣಿನದಲ್ಲ. ಸುಡುವ ಕೊನೆಯ ಹೊತ್ತಿಗೆ ಆವಿಗೆಯ ಬಾಯಿ ಮುಚ್ಚಿ ಹೊಗೆ ತುಂಬಿಸಿದರೆ ಗಾಳಿ ಸಿಗದೆ ಕೆಂಪು ಕಬ್ಬಿಣ ಕಪ್ಪಿಗೆ ತಿರುಗುತ್ತದೆ, ಹೊಗೆಯ ಇಂಗಾಲ ರಂಧ್ರಗಳಲ್ಲಿ ಕೂರುತ್ತದೆ. ಇತ್ತೀಚೆಗೆ ಬಣ್ಣ ಬಳಿದ ಕಪ್ಪು ಪಾತ್ರೆಗಳೂ ಮಾರಾಟಕ್ಕೆ ಬರುತ್ತಿವೆ. ಒದ್ದೆ ಬಟ್ಟೆಯಿಂದ ಒರೆಸಿ, ಬುಡದ ಅಂಚನ್ನು ಸ್ವಲ್ಪ ಕೆರೆದು ನೋಡಿ ಕೊಳ್ಳಿ. ಹೊಗೆಯ ಕಪ್ಪು ಮೈಯೊಳಗೂ ಇಳಿದಿರುತ್ತದೆ, ಬಣ್ಣ ಮೇಲೆ ಮಾತ್ರ ಇರುತ್ತದೆ.

ಈ ಮಣ್ಣು ನನಗೆ ಕಲಿಸಿದ ಒಂದು ಪಾಠವನ್ನು ಹೇಳಲೇಬೇಕು. ಶುರುವಿನ ವರ್ಷ ಕೆರೆ ಹೂಳೆತ್ತಿದಾಗ ತಂದ ಮಣ್ಣಿನಲ್ಲಿ ಮೂವತ್ತು ಬಟ್ಟಲು ಮಾಡಿ ಸುಟ್ಟಿದ್ದೆ. ಆವಿಗೆಯಿಂದ ತೆಗೆದಾಗ ಒಂದಕ್ಕೂ ಕುಂದಿರಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಕಪಾಟಿನಿಂದ ಟಿಕ್ ಟಿಕ್ ಎಂಬ ಸದ್ದು. ಬಟ್ಟಲುಗಳ ಮೈಯಿಂದ ಉಗುರಗಲದ ಚಕ್ಕೆಗಳು ಎದ್ದು ಬೀಳುತ್ತಿದ್ದವು, ಪ್ರತಿ ಗುಳಿಯ ನಡುವೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಪಕ್ಕದೂರಿನ ಹಿರಿಯ ಕುಂಬಾರರ ಹತ್ತಿರ ಒಯ್ದು ತೋರಿಸಿದೆ. ಅವರು ಚುಕ್ಕೆಯನ್ನು ಬೆರಳಿಗೆ ತಾಗಿಸಿ ನೋಡಿ, “ಕೆರೆ ಮಣ್ಣು ಜರಡಿ ಹಿಡೀಲಿಲ್ವಾ ಮಾರಾಯ್ರೆ? ಬಸವನಹುಳದ ಚಿಪ್ಪು ಇರ್ತದೆ ಅದ್ರಲ್ಲಿ. ಬೆಂದು ಸುಣ್ಣ ಆಗಿದೆ, ಈಗ ಮಳೆಗಾಳಿ ಕುಡಿದು ಅರಳ್ತಾ ಉಂಟು” ಎಂದರು. ಎಲೆ ಅಡಿಕೆಯ ಸುಣ್ಣ ಮಾಡುವವರಿಗೆ ಇದು ಗೊತ್ತು: ಚಿಪ್ಪು ಸುಟ್ಟರೆ ಸುಟ್ಟ ಸುಣ್ಣ, ನೀರು ತಾಗಿದರೆ ಅದು ಹಿಗ್ಗಿ ಅರಳುತ್ತದೆ. ಅದೇ ಕ್ರಿಯೆ ಬಟ್ಟಲಿನ ಗೋಡೆಯೊಳಗೆ ನಡೆದಿತ್ತು. ಅಂದಿನಿಂದ ಯಾವ ಮಣ್ಣು ತಂದರೂ ಮೊದಲು ನೀರಿನಲ್ಲಿ ಕದಡಿ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸುತ್ತೇನೆ. ಒಣ ಮಣ್ಣಿನ ಮೇಲೆ ಎರಡು ಹನಿ ವಿನೆಗರ್ ಹಾಕಿ, ನೊರೆ ಎದ್ದರೆ ಸುಣ್ಣದ ಅಂಶವಿದೆ ಎಂದು ಎಚ್ಚರಗೊಳ್ಳುತ್ತೇನೆ.

ಕೆಂಪು ಮಣ್ಣಿನ ಇನ್ನೊಂದು ದೊಡ್ಡ ಕೆಲಸ ನಮ್ಮ ತಲೆಯ ಮೇಲೇ ಇದೆ. ಮೊದಲು ಮಲೆನಾಡಿನ ಮನೆಗಳಿಗೆ ಕುಂಬಾರರು ಮಾಡಿದ ನಾಡಹೆಂಚು ಇರುತ್ತಿತ್ತು. 1860ರ ದಶಕದಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರು ಮಾಡಿ, ನದಿ ಬಯಲಿನ ಜೇಡಿಯನ್ನು ಅಚ್ಚಿನಲ್ಲಿ ಒತ್ತಿ ಸುಡತೊಡಗಿದ ಮೇಲೆ ಆ ಹೆಂಚು ಘಟ್ಟ ಹತ್ತಿ ಬಂತು. ಹೆಂಚು ಮಡಕೆಗಿಂತ ಹೆಚ್ಚು ಬೇಯಬೇಕು. ಕಡಿಮೆ ಬೆಂದ ಹೆಂಚು ಮಳೆ ಕುಡಿದು ಭಾರವಾಗುತ್ತದೆ, ಮೊದಲು ಪಾಚಿ ಹಿಡಿಯುವುದೂ ಅದಕ್ಕೇ. ಹಳೆಯ ಹೆಂಚು ಕೊಳ್ಳುವಾಗ ಗೆಣ್ಣಿನಿಂದ ಬಡಿಯಿರಿ. ಚೆನ್ನಾಗಿ ಬೆಂದದ್ದು ಠಣ್ ಎನ್ನುತ್ತದೆ, ಬೇಯದ್ದು ಮತ್ತು ಸೀಳಿದ್ದು ಡಬ್ ಎನ್ನುತ್ತವೆ.

ಭರಣಿಯ ಮಣ್ಣು, ಬಿಳಿಯ ಮಣ್ಣು

ಭರಣಿಯನ್ನು ಸ್ಟೋನ್‌ವೇರ್ ಎಂಬ ಮಣ್ಣಿನಲ್ಲಿ ಮಾಡುತ್ತಾರೆ. ಇದು ಕೂಡ ನೀರು ತಂದು ಹಾಕಿದ ಮಣ್ಣೇ, ಆದರೆ ಕಬ್ಬಿಣ ಕಡಿಮೆ, ಅಲ್ಯುಮಿನಾ ಹೆಚ್ಚು. 1,200ರಿಂದ 1,300 ಡಿಗ್ರಿಯವರೆಗೆ ಆಕಾರ ಬಿಡದೆ ನಿಂತು, ಒಳಗೆ ಗಾಜು ತುಂಬಿಕೊಂಡು ಕಲ್ಲಾಗುತ್ತದೆ. ಕೆಂಪು ಮಡಕೆ ತನ್ನ ತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ನೀರು ಹೀರಬಲ್ಲದು, ಒಳ್ಳೆಯ ಸ್ಟೋನ್‌ವೇರ್ ಹೀರುವುದು ನೂರಕ್ಕೆ ಎರಡು ಮೂರು ಪಾಲು ಅಷ್ಟೇ. ಮೇಲೆ ಗ್ಲೇಜ್ ಇದ್ದರೆ ಅದೂ ಇಲ್ಲ. ಉಪ್ಪು, ಹುಳಿ, ಎಣ್ಣೆ ಮೂರನ್ನೂ ವರ್ಷಗಟ್ಟಲೆ ತಡೆಯುವ ಶಕ್ತಿ ಇಲ್ಲಿಂದ ಬರುತ್ತದೆ. ಒಂದು ಎಚ್ಚರಿಕೆ: ಕಡಿಮೆ ಶಾಖದಲ್ಲಿ ಹೊಳಪು ಬರಿಸಲು ಸೀಸ ಬೆರೆಸಿದ ಗ್ಲೇಜ್ ಬಳಸುವುದುಂಟು. ಹುಳಿ ತಾಗಿದರೆ ಸೀಸ ಬಿಟ್ಟುಕೊಳ್ಳುತ್ತದೆ. ಬುಡದ ಉಂಗುರ ಕೆಂಪಗಿದ್ದು, ನೀರಿನ ಹನಿ ಹೀರುತ್ತಿದ್ದು, ಮೇಲೆ ಮಾತ್ರ ಥಳಥಳಿಸುವ ಪಾತ್ರೆಯಲ್ಲಿ ನಾನು ಉಪ್ಪಿನಕಾಯಿ ಹಾಕುವುದಿಲ್ಲ.

ಕಯೋಲಿನ್ ಎಂಬ ಬಿಳಿ ಮಣ್ಣು ನಮ್ಮವರಿಗೆ ಶೇಡಿ ಎಂದು ಪರಿಚಯ. ಗೋಡೆಗೆ, ಕಟ್ಟೆಗೆ ಬಳಿಯುವ ಬಿಳಿ ಮಣ್ಣು. ಕಯೋಲಿನ್ ಎಂಬ ಹೆಸರು ಬಂದದ್ದು ಚೀನಾದ ಪಿಂಗಾಣಿಯ ಊರು ಜಿಂಗ್‌ದೆಝೆನ್ ಬಳಿಯ ಗಾವೊಲಿಂಗ್ ಎಂಬ ಹಳ್ಳಿಯಿಂದ. ಆ ಪದಕ್ಕೆ ಎತ್ತರದ ದಿಣ್ಣೆ ಎಂದು ಅರ್ಥ. ನಮ್ಮ ಸುತ್ತ ಇದರ ದೊಡ್ಡ ನಿಕ್ಷೇಪಗಳಿರುವುದು ಕೇರಳದ ತಿರುವನಂತಪುರದ ಕಡೆ. ಇದು ಅಚ್ಚ ಬಿಳಿಯಾಗಿಯೇ ಬೇಯುತ್ತದೆ. ಆದರೆ ಒಂಟಿಯಾಗಿ ಏನೂ ಆಗುವುದಿಲ್ಲ: ಕಣ ದಪ್ಪವಾದ್ದರಿಂದ ಬಾಗುವುದು ಕಡಿಮೆ, ಕರಗಲು 1,700 ಡಿಗ್ರಿಗೂ ಮೇಲೆ ಹೋಗಬೇಕು. ಅದಕ್ಕೇ ಸುಮಾರು ಅರ್ಧ ಕಯೋಲಿನ್, ಕಾಲು ಫೆಲ್ಡ್‌ಸ್ಪಾರ್, ಕಾಲು ಬೆಣಚುಕಲ್ಲಿನ ಪುಡಿ ಬೆರೆಸಿ ಪಿಂಗಾಣಿ ಮಾಡುತ್ತಾರೆ. ಫೆಲ್ಡ್‌ಸ್ಪಾರ್ ಕರಗಿ ಅಂಟಾಗುತ್ತದೆ, ಬೆಣಚು ಎಲುಬಿನಂತೆ ನಿಲ್ಲುತ್ತದೆ. ತೆಳುವಾಗಿ ಮಾಡಿದ ಪಿಂಗಾಣಿ ಬಟ್ಟಲನ್ನು ದೀಪಕ್ಕೆ ಹಿಡಿದರೆ ಆಚೆ ಬೆರಳಿನ ನೆರಳು ಕಾಣುತ್ತದೆ.

ಪಿಂಗಾಣಿ ಎಂದರೆ ಚಹಾದ ಕಪ್ ಮಾತ್ರ ನೆನಪಿಗೆ ಬರುತ್ತದೆ. ಜೋಗದ ಕಡೆ ಹೋದಾಗ ತಲೆ ಎತ್ತಿ ನೋಡಿ. 1948ರಲ್ಲಿ ಇಲ್ಲಿ ಜಲವಿದ್ಯುತ್ ಶುರುವಾಯಿತು. ವಿದ್ಯುತ್ ತಂತಿಯನ್ನು ಕಬ್ಬಿಣದ ಗೋಪುರದಿಂದ ದೂರ ಹಿಡಿದು ನೇತಾಡುವ ಕಂದು ಬಿಲ್ಲೆಗಳ ಸರ ಬಹುಪಾಲು ಪಿಂಗಾಣಿಯದ್ದು. ರಂಧ್ರವಿದ್ದರೆ ಜೋಗದ ಮಳೆ ಒಳಗಿಳಿದು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತಿತ್ತು. ಬಿಲ್ಲೆಯ ಅಡಿಯಲ್ಲಿರುವ ಏಣುಗಳು ಕೂಡ ಮಳೆಯಲ್ಲಿ ಒಂದಿಷ್ಟು ಮೈ ಒಣಗಿರಲಿ ಎಂದೇ.

ಪಿಂಗಾಣಿಯ ಮತ್ತು ಸ್ಟೋನ್‌ವೇರಿನ ಮಿಶ್ರಣಕ್ಕೆ ಬಾಗುವ ಗುಣ ಕೊಡಲು ಬಾಲ್ ಕ್ಲೇ ಸೇರಿಸುತ್ತಾರೆ. ನಮ್ಮಲ್ಲಿಗೆ ಇದು ರಾಜಸ್ಥಾನದ ಬಿಕಾನೇರ್ ಕಡೆಯಿಂದ ಬರುತ್ತದೆ. ಇದು ಬಹಳ ದೂರ ಹರಿದು ಬಂದ ಕಯೋಲಿನ್. ಕಣ ಅತಿ ನಯ, ಕೊಳೆತ ಗಿಡಮರದ ಅಂಶದಿಂದ ಹಸಿಯಲ್ಲಿ ಬೂದು ಅಥವಾ ಕಪ್ಪು. ಸುಟ್ಟಾಗ ಆ ಅಂಶ ಉರಿದುಹೋಗಿ ಮಾಸಲು ಬಿಳಿಯಾಗುತ್ತದೆ. ಕಪ್ಪು ಮಣ್ಣು ಬಿಳಿಯಾಗಿ ಹೊರಬರುವುದನ್ನು ಮೊದಲ ಸಲ ಕಂಡವರು ಪಾತ್ರೆ ಅದಲುಬದಲಾಗಿದೆ ಎಂದೇ ತಿಳಿಯುತ್ತಾರೆ. ಒಂಟಿಯಾಗಿ ಬಳಸಿದರೆ ವಿಪರೀತ ಕುಗ್ಗುತ್ತದೆ. ಇದಕ್ಕಿಂತಲೂ ಜಿಗುಟು ಬೆಂಟೊನೈಟ್. ಜ್ವಾಲಾಮುಖಿಯ ಬೂದಿಯಿಂದ ಆದ, ನೀರಿನಲ್ಲಿ ಹಲವು ಪಟ್ಟು ಉಬ್ಬುವ ಮಣ್ಣು. ಹಿಟ್ಟಿಗೆ ಉಪ್ಪು ಹಾಕಿದಂತೆ ನೂರಕ್ಕೆ ಒಂದೆರಡು ಪಾಲು ಸಾಕು.

ಫೈರ್ ಕ್ಲೇ ಎನ್ನುವುದು ಬೆಂಕಿಗೆ ಬಗ್ಗದ ಮಣ್ಣು. ಕಬ್ಬಿಣ, ಸುಣ್ಣ, ಪೊಟ್ಯಾಶಿಯಂ ತೀರ ಕಡಿಮೆ ಇರುವುದರಿಂದ 1,500 ಡಿಗ್ರಿ ದಾಟಿದರೂ ಮೆತ್ತಗಾಗುವುದಿಲ್ಲ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತು. ಕರಗಿದ ಕಬ್ಬಿಣವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಇಂಥ ಕುಲುಮೆಗಳಿಗೆ ಒಳಮೈಯಾಗಿ ಬೇಕಾಗುವುದು ಈ ಬಗೆಯ ಅಗ್ನಿ ಇಟ್ಟಿಗೆ. ನಮ್ಮ ಗದ್ದೆಯ ಮಣ್ಣಿನ ಇಟ್ಟಿಗೆ ಅಲ್ಲಿ ಬೆಲ್ಲದಂತೆ ಹರಿದುಹೋಗುತ್ತಿತ್ತು.

ಮಣ್ಣು ಕಲಿಯಬೇಕೆನ್ನುವವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ. ಆದರೆ ಮೊದಲು ನಿಮ್ಮ ಊರಿನ ಮಣ್ಣನ್ನು ಕೈಗೆತ್ತಿಕೊಳ್ಳಿ ಎನ್ನುವುದು ನನ್ನ ಮಾತು. ಗದ್ದೆಯ ಮಣ್ಣು ಹರಿದುಹೋಗುವುದನ್ನು ನಾನು ಕಣ್ಣಾರೆ ಕಂಡದ್ದೂ ಹಾಗೆ ಕೈಗೆತ್ತಿಕೊಂಡಾಗಲೇ. ಎಷ್ಟು ತಾಳುತ್ತದೆ ನೋಡೋಣವೆಂದು ಅದರ ಒಂದು ಚಿಕ್ಕ ಬಟ್ಟಲನ್ನು ಸ್ಟೋನ್‌ವೇರ್ ಜೊತೆ ಗ್ಯಾಸ್ ಕಿಲ್ನಿನಲ್ಲಿಟ್ಟು 1,240 ಡಿಗ್ರಿಗೆ ಕಾಯಿಸಿದ್ದೆ. ಮರುದಿನ ಬಾಗಿಲು ತೆರೆದರೆ ಬಟ್ಟಲಿರಲಿಲ್ಲ. ಹಲಗೆಯ ಮೇಲೆ ಒಂದು ಹೊಳೆಯುವ ಕಂದು ಮಡು. ಉಳಿಯಿಂದ ಕೆತ್ತಿ ತೆಗೆಯುವಾಗ ಆ ಬಣ್ಣ ಎಲ್ಲೋ ನೋಡಿದ್ದು ಅನ್ನಿಸಿತು. ಅದು ಅಜ್ಜಿಯ ಭರಣಿಯ ಹೆಗಲಿನ ಬಣ್ಣ, ಕಬ್ಬಿಣ ಕರಗಿದ ಗಾಜಿನ ಬಣ್ಣ.

ಮೈಯಾಗಿ ನಿಲ್ಲಲಾರದ ಮಣ್ಣು ಮೇಲಿನ ಲೇಪವಾಗಬಲ್ಲದು. ಸೋಸಿದ ಗದ್ದೆ ಮಣ್ಣು ಅರ್ಧ, ಬಚ್ಚಲೊಲೆಯ ಜರಡಿ ಹಿಡಿದ ಬೂದಿ ಅರ್ಧ. ಬೂದಿಯಲ್ಲಿರುವ ಸುಣ್ಣ ಮತ್ತು ಪೊಟ್ಯಾಶಿಯಂ ಮಣ್ಣನ್ನು ಇನ್ನಷ್ಟು ಸಲೀಸಾಗಿ ಕರಗಿಸುತ್ತವೆ. ಬೂದಿಯ ಗ್ಲೇಜ್ ಹುಳಿಗೆ ಎಷ್ಟು ನಿಲ್ಲುತ್ತದೆಂಬ ಭರವಸೆ ನನಗಿಲ್ಲದ್ದರಿಂದ ಭರಣಿಯ ಒಳಮೈಗೆ ಪರೀಕ್ಷಿಸಿದ ಬೇರೆ ಗ್ಲೇಜನ್ನೇ ಹಚ್ಚುತ್ತೇನೆ. ಹೊರಗೆ ಹೆಗಲಿಗೆ ಮಾತ್ರ ನಮ್ಮ ಮಣ್ಣು ಮತ್ತು ಬೂದಿ. ಕಳೆದ ವರ್ಷದ ಅಪ್ಪೆಮಿಡಿಯನ್ನು ಅಂಥ ಒಂದು ಭರಣಿಯಲ್ಲಿ ಹಾಕಿದ್ದೆವು. ಮೊನ್ನೆ ಖಾಲಿಯಾಯಿತು. ಈಗ ಅದು ಅಜ್ಜಿಯ ಭರಣಿಯ ಪಕ್ಕದಲ್ಲಿ ಅಂಗಳದಲ್ಲಿ ಬೋರಲು ಬಿದ್ದಿದೆ. ಬುಡದ ಉಂಗುರದಲ್ಲಿ ರಾಜಸ್ಥಾನದ ಬಾಲ್ ಕ್ಲೇಯ ಮಾಸಲು ಬಿಳಿ, ಹೆಗಲಲ್ಲಿ ನಮ್ಮ ಗದ್ದೆಯ ಕಂದು.